ಬಿರುಸು ಮೇಸ್ತ್ರಿ ತೆಗೆದ ನಲವತ್ತಾರು ಬಿಲ್ಲೆಗಳು

ನನ್ನ ಸೋದರಮಾವ ನಲ್ಲಿ ಕೆಲಸದವರು. ಮೂವತ್ತೊಂದು ವರ್ಷದಿಂದ ಅದೇ ಕೆಲಸ. ಅವರ ನಿಜವಾದ ಹೆಸರು ಹೇಳಿ ವಿಚಾರಿಸಿದರೆ ನಮ್ಮ ಬೀದಿಯವರೇ ಹುಬ್ಬು ಗಂಟಿಕ್ಕುತ್ತಾರೆ. ಬಿರುಸು ಮೇಸ್ತ್ರಿ ಅಂದರೆ ಮಾತ್ರ ಮನೆ ಬಾಗಿಲವರೆಗೆ ಕರೆತಂದು ಬಿಡುತ್ತಾರೆ. ಅವರು ಕೂರಿಸಿದ ನಲ್ಲಿಯಲ್ಲಿ ನೀರು ಬಿರುಸಾಗಿ ಬರುತ್ತದೆ ಎಂಬ ಕಾರಣಕ್ಕೆ ಬಂದ ಹೆಸರು ಅದು.

ಅವರ ಬಳಿ ಅಳತೆಯ ಉಪಕರಣ ಏನೂ ಇರಲಿಲ್ಲ. ನಲ್ಲಿ ತಿರುಗಿಸಿ ಬಲ ಅಂಗೈ ಒಡ್ಡುತ್ತಿದ್ದರು. ಅಂಗೈಗೆ ಪೆಟ್ಟು ಬಿದ್ದರೆ ಕೆಲಸ ಮುಗಿಯಿತು, ಬೀಳದಿದ್ದರೆ ಮತ್ತೆ ಬಿಚ್ಚು. ಹೊಸ ನಲ್ಲಿ ಕೈಗೆ ಬಂದ ಕೂಡಲೇ ಅವರು ಮಾಡುವ ಮೊದಲ ಕೆಲಸವೆಂದರೆ ಅದರ ಮೂತಿ ತಿರುಗಿಸಿ ತೆಗೆದು, ಒಳಗಿನ ಜಾಲರಿ, ಪ್ಲಾಸ್ಟಿಕ್ಕು, ಏನಿದ್ದರೂ ಉಗುರಿನಿಂದ ಎಬ್ಬಿಸಿ ಹೊರಗೆ ಹಾಕುವುದು. ಹೊಸ ಫೋನಿನ ಗಾಜಿಗೆ ಅಂಟಿಸಿದ ಹಾಳೆಯನ್ನು ನಾವು ಕಿತ್ತು ಹಾಕುತ್ತೇವಲ್ಲ, ಹಾಗೆ. ಅದು ದಾರಿಯಲ್ಲಿ ಧೂಳು ಹೋಗದಿರಲಿ ಎಂದು ಕಂಪನಿಯವರು ಇಟ್ಟ ಅಡಚಣೆ ಎಂದೇ ಅವರ ನಂಬಿಕೆ.

"ದಾರದ ಹಾಗೆ ನೀರು ಬರೋ ನಲ್ಲಿ ಕೂರಿಸಿ ಕೊಟ್ರೆ, ಮಾರನೇ ದಿನ ಮನೆಯೊಡತಿ ನನ್ನೇ ಬೈಯೋದು. ಕಂಪನಿಯವನನ್ನು ಹುಡುಕ್ಕೊಂಡು ಹೋಗಿ ಬೈತಾಳಾ?" ಎನ್ನುತ್ತಿದ್ದರು.

ಎರಡು ವರ್ಷದ ಹಿಂದೆ ಅವರ ಎಡ ಮಂಡಿ ಕೈಕೊಟ್ಟಿತು. ಇನ್ನು ಮೇಲೆ ಕುಕ್ಕರುಗಾಲಿನಲ್ಲಿ ಕೂರಬಾರದು ಎಂದು ಡಾಕ್ಟರು ಹೇಳಿದರು.

"ಕೂರದೆ ಹೇಗೆ ಡಾಕ್ಟ್ರೇ? ಕಮೋಡು ತಲೆ ಮಟ್ಟದಲ್ಲಿ ಇಡ್ತಾರಾ ಯಾರಾದ್ರೂ?"

"ಹಾಗಾದ್ರೆ ಬೇರೆ ಕೆಲಸ ನೋಡ್ಕೊಳ್ಳಿ. ಇದೇ ಥರ ಇನ್ನೊಂದು ವರ್ಷ ಮಾಡಿದ್ರೆ ಕೋಲು ಹಿಡ್ಕೊಂಡೇ ಓಡಾಡಬೇಕಾಗುತ್ತೆ."

ಬೇರೆ ಕೆಲಸ ಎಲ್ಲಿಂದ ಬರಬೇಕು? ಮಾವ ಮಂಡಿಗೆ ಪಟ್ಟಿ ಸುತ್ತಿಕೊಂಡು, ಒಂದು ಮಡಚುವ ಸ್ಟೂಲು ಕೊಂಡು, ಅದೇ ಕೆಲಸಕ್ಕೆ ಹೋದರು. ಮನೆಯಲ್ಲಿ ಅವರ ತಾಯಿ, ಅಂದರೆ ನನ್ನ ಅಜ್ಜಿ, ದಿನಾ ಸಂಜೆ ಅವರ ಮಂಡಿಯ ಊತವನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದರು. ಏನೂ ಹೇಳುತ್ತಿರಲಿಲ್ಲ.

ಅದೇ ಹೊತ್ತಿಗೆ ನಮ್ಮ ಊರಿನಲ್ಲಿ ಐದು ಮಹಡಿಯ ಗ್ರಂಥಾಲಯ ಏಳುತ್ತಿತ್ತು. ನಲ್ಲಿ ಕೆಲಸ ಮಾವನಿಗೆ ಸಿಕ್ಕಿತು. ಅದು ಎಲ್ಲ ಕಟ್ಟಡದ ಹಾಗಲ್ಲ, ಹಸಿರು ಕಟ್ಟಡ ಎಂದು ಮೊದಲ ದಿನವೇ ಹೇಳಿದರು. ಮಾವ ಮನೆಗೆ ಬಂದು, "ಹಸಿರು ಬಣ್ಣ ಬಳೀತಾರಂತೆ" ಎಂದರು. ಬಣ್ಣ ಬೂದು ಎಂದು ಆಮೇಲೆ ಗೊತ್ತಾಯಿತು.

ಆ ಹಸಿರಿನ ಲೆಕ್ಕ ನೋಡಿಕೊಳ್ಳಲು ಒಬ್ಬ ಸಲಹೆಗಾರ್ತಿ ಇದ್ದರು. ಸಣ್ಣ ಮೈಕಟ್ಟಿನವರು, ತಲೆಗೆ ಹೆಲ್ಮೆಟ್ಟು, ಕಂಕುಳಲ್ಲಿ ಯಾವಾಗಲೂ ಒಂದು ಫೈಲು. ಅವರು ಬಾಯಿ ತೆರೆದರೆ ಪಾಯಿಂಟು. ಒಡೆದ ಇಟ್ಟಿಗೆ, ಕಬ್ಬಿಣದ ಚೂರು, ರಟ್ಟು ಬೇರೆ ಬೇರೆ ರಾಶಿ ಮಾಡಿ ತೂಕ ಹಾಕಿಸಿ ಮರುಬಳಕೆಗೆ ಕಳಿಸಿದರೆ ಪಾಯಿಂಟು. ಘಾಟು ವಾಸನೆ ಬಾರದ ಬಣ್ಣ ಬಳಿದರೆ ಪಾಯಿಂಟು. ಓದುವ ಮೇಜಿಗೆ ಹಗಲು ದೀಪವಿಲ್ಲದೆ ಬೆಳಕು ಬಿದ್ದರೆ ಪಾಯಿಂಟು. ಸೈಕಲ್ ನಿಲ್ಲಿಸಲು ಜಾಗ ಮಾಡಿದರೂ ಪಾಯಿಂಟು. ಕೆಲಸದವರೆಲ್ಲ ಸೇರಿ ಅವರಿಗೆ ಪಾಯಿಂಟಮ್ಮ ಎಂದು ಹೆಸರಿಟ್ಟಿದ್ದರು. ಅವರಿಗೂ ಅದು ಗೊತ್ತಿತ್ತು.

"ಪಾಯಿಂಟಮ್ಮೋರೇ, ನನ್ನ ಸೈಕಲ್ಲು ಈಗ್ಲೇ ತಂದು ನಿಲ್ಲಿಸ್ತೀನಿ, ಎಷ್ಟು ಕೊಡ್ತೀರಿ?" ಎಂದು ಮಾವ ಒಮ್ಮೆ ಊಟದ ಹೊತ್ತಿನಲ್ಲಿ ಕೇಳಿದರಂತೆ.

"ನಿಮ್ಮ ಸೈಕಲ್ಲಿಗೆ ಬ್ರೇಕೇ ಇಲ್ಲ. ಅದಕ್ಕೆ ಎರಡು ಕಳೀತೀನಿ."

ಹಾಗೆ ಮಾತು ಶುರುವಾಗಿ, ಅವರು ಆ ಲೆಕ್ಕವನ್ನೆಲ್ಲ ಮಾವನಿಗೆ ಬಿಡಿಸಿ ಹೇಳಿದರು. ಒಟ್ಟು ನೂರು ಅಂಕ. ನಲವತ್ತು ಬಂದರೆ ಪ್ರಮಾಣಪತ್ರ, ಐವತ್ತಕ್ಕೆ ಬೆಳ್ಳಿ, ಅರವತ್ತಕ್ಕೆ ಚಿನ್ನ. ಯಾವ ಅಂಕ ಬೇಕು, ಯಾವುದು ಬೇಡ ಎಂದು ಕಟ್ಟುವವರೇ ಆರಿಸಿಕೊಳ್ಳಬಹುದು. ಆದರೆ ಪ್ರತಿಯೊಂದಕ್ಕೂ ಸಾಕ್ಷಿ ಬೇಕು: ತೂಕದ ಚೀಟಿ, ಫೋಟೋ, ತಯಾರಿಸಿದವರ ಪರೀಕ್ಷಾ ಪತ್ರ. ಅವನ್ನೆಲ್ಲ ಎಲ್ಲೋ ಕೂತ, ಯಾರ ಪರಿಚಯವೂ ಇಲ್ಲದ ಪರಿಶೀಲಕರು ಓದುತ್ತಾರೆ. ಕೊನೆಗೆ ಒಬ್ಬ ಪರೀಕ್ಷಕರು ಬಂದು ಕಣ್ಣಾರೆ ನೋಡುತ್ತಾರೆ.

"ಇದರ ಜೊತೆಗೆ ಕೆಲವು ಕಡ್ಡಾಯ ಇವೆ, ಮೇಸ್ತ್ರಿ. ಅವಕ್ಕೆ ಪಾಯಿಂಟೇ ಇಲ್ಲ. ಮಾಡಿದ್ರೆ ಏನೂ ಸಿಗಲ್ಲ, ಮಾಡದಿದ್ರೆ ಎಲ್ಲಾ ಹೋಗುತ್ತೆ."

"ಅದೆಂಥದು?"

"ಶಾಲೇಲಿ ಹಾಜರಿ ಇದ್ದ ಹಾಗೆ. ಹಾಜರಿಗೆ ಮಾರ್ಕ್ಸ್ ಕೊಡ್ತಾರಾ? ಇಲ್ಲ. ಹಾಜರಿ ಇಲ್ಲದಿದ್ರೆ ಪರೀಕ್ಷೆಗೆ ಕೂರಿಸ್ತಾರಾ?"

"ಇಲ್ಲ" ಎಂದರಂತೆ ಮಾವ. ಅದು ನನಗೂ ಚೆನ್ನಾಗಿ ಅರ್ಥವಾಗುವ ಹೋಲಿಕೆ.

ಆ ಕಡ್ಡಾಯಗಳಲ್ಲಿ ನೀರಿನ ಮಿತಿಯೂ ಒಂದು. ಅದನ್ನು ಪಾಯಿಂಟಮ್ಮ ಅವತ್ತು ಹೇಳಿದರೋ ಇಲ್ಲವೋ ಎಂದು ನಾನು ಇಬ್ಬರನ್ನೂ ಕೇಳಿದ್ದೇನೆ. ಅವರು ಹೇಳಿದೆ ಎನ್ನುತ್ತಾರೆ. ಮಾವ, ಆಗ ನಾನು ಕೈತೊಳೆಯಲು ಎದ್ದು ಹೋಗಿದ್ದೆ ಎನ್ನುತ್ತಾರೆ.

ಅಂಕಗಳ ಪಟ್ಟಿಯಲ್ಲಿ ಮಾವನಿಗೆ ಸಂಬಂಧಪಟ್ಟ ಇನ್ನೊಂದು ವಿಷಯವಿತ್ತು. ಕಟ್ಟಡ ತೆರೆದ ಮೇಲೆ ನೀರಿನ, ಕರೆಂಟಿನ ಮೀಟರುಗಳನ್ನು ದಿನಾ ನೋಡಿ ಬರೆದು, ಸೋರಿಕೆ ಕಂಡರೆ ಸರಿಮಾಡಿಸಲು ಒಬ್ಬ ಕಾಯಂ ಮನುಷ್ಯನನ್ನು ನೇಮಿಸಿದರೆ ಒಂದು ಪಾಯಿಂಟು. ಗ್ರಂಥಾಲಯದ ಕಾರ್ಯದರ್ಶಿಗಳು ಮಾವನನ್ನು ಕರೆದು, "ಪ್ರಮಾಣಪತ್ರ ಬಂದ್ರೆ ಆ ಕೆಲಸ ನಿಮಗೇ. ಬರದಿದ್ರೆ ಆ ಹುದ್ದೆಗೆ ಮಂಜೂರಾತಿನೇ ಇಲ್ಲ, ನನ್ನ ಕೈಲಿ ಏನೂ ಇಲ್ಲ" ಎಂದಿದ್ದರು. ಕುರ್ಚಿಯಲ್ಲಿ ಕೂತು ಮಾಡುವ ಕೆಲಸ. ಕುಕ್ಕರುಗಾಲು ಬೇಡ, ಮಡಚುವ ಸ್ಟೂಲು ಬೇಡ.

ಅವತ್ತು ಮಾವ ಮನೆಗೆ ಬಂದು ಬಾಗಿಲಲ್ಲೇ ನಿಂತು, "ಅಮ್ಮಾ, ನಾನೇ ಒಂದು ಪಾಯಿಂಟು!" ಎಂದರು.

ಅಜ್ಜಿ ತಲೆಯೆತ್ತದೆ, "ಚಪ್ಪಲಿ ಹೊರಗೆ ಬಿಡು, ಪಾಯಿಂಟು" ಎಂದರು.

ಆ ಮೇಲಿನ ತಿಂಗಳು ನಲ್ಲಿಗಳು ಬಂದವು. ಮಹಡಿಗೆ ಎಂಟರಂತೆ ಐದು ಮಹಡಿಗೆ ನಲವತ್ತು, ಕೆಳಗಿನ ಕ್ಯಾಂಟೀನಿಗೆ ಆರು. ಮಾವ ಒಂದೊಂದನ್ನೂ ಕೈಗೆತ್ತಿಕೊಂಡು, ಎಂದಿನಂತೆ ಮೂತಿ ಬಿಚ್ಚಿ, ಒಳಗಿದ್ದ ಬಿಲ್ಲೆ ತೆಗೆದು, ಮೂತಿ ಮುಚ್ಚಿ ಕೂರಿಸಿದರು. ಈ ಬಿಲ್ಲೆಗಳು ನೋಡಲು ಚೆನ್ನಾಗಿದ್ದವು. ಕೈತೊಳೆಯುವ ನಲ್ಲಿಗಳದು ಹಸಿರು, ಕ್ಯಾಂಟೀನಿನವು ನೀಲಿ. ನಾಣ್ಯದಷ್ಟು ಅಗಲ, ಮಧ್ಯೆ ಸಣ್ಣ ಸಣ್ಣ ತೂತು. ಇಂಥದನ್ನು ಎಸೆಯಲು ಮಾವನಿಗೆ ಮನಸ್ಸು ಬರುವುದಿಲ್ಲ. ಬುತ್ತಿಯ ಡಬ್ಬಿಗೆ ಹಾಕಿಕೊಂಡು ಮನೆಗೆ ತಂದರು. ಅಜ್ಜಿ ಅವನ್ನು ಬೆಳಕಿಗೆ ಹಿಡಿದು ನೋಡಿ, "ಗುಂಡಿ" ಎಂದರು.

ಅಜ್ಜಿ ದಿಂಬಿನ ಚೀಲ ಹೊಲಿಯುತ್ತಾರೆ. ಒಂದು ಚೀಲಕ್ಕೆ ಐದು ಗುಂಡಿ. ಎರಡು ತಿಂಗಳಲ್ಲಿ ಒಂಬತ್ತು ಚೀಲ ಮುಗಿದವು: ಎಂಟಕ್ಕೆ ಹಸಿರು ಗುಂಡಿ, ಒಂದಕ್ಕೆ ನೀಲಿ. ಮೂರು ನಮ್ಮ ಮನೆಯಲ್ಲೇ ಉಳಿದವು. ಉಳಿದ ಆರನ್ನು ಬೀದಿಯವರು ಕೇಳಿ ಮಾಡಿಸಿಕೊಂಡರು. ಗುಂಡಿ ಎಲ್ಲಿ ಸಿಕ್ಕಿತು ಎಂದು ಎಲ್ಲರೂ ಕೇಳುವವರೇ.

ಪರೀಕ್ಷಕರು ಬಂದದ್ದು ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ. ದಪ್ಪ ಕನ್ನಡಕ, ಮಾತು ಕಡಿಮೆ. ಬಣ್ಣದ ಡಬ್ಬಿಗಳ ಚೀಟಿ ಓದಿದರು, ಕಿಟಕಿಯ ಬಳಿ ಬೆಳಕಿನ ಮೀಟರು ಹಿಡಿದರು, ರಾಶಿ ಹಾಕಿದ ಜಾಗ ನೋಡಿದರು. ಎಲ್ಲದಕ್ಕೂ ತಲೆಯಾಡಿಸಿ ಗುರುತು ಹಾಕಿಕೊಂಡರು. ಪಾಯಿಂಟಮ್ಮನ ಮುಖ ಅರಳುತ್ತಾ ಬಂತು. ಅವರ ಲೆಕ್ಕದಲ್ಲಿ ಅರವತ್ತೊಂದು ಅಂಕ ಗ್ಯಾರಂಟಿ, ಅಂದರೆ ಚಿನ್ನ.

ಮೂರನೇ ಮಹಡಿಯಲ್ಲಿ ಅವರು ಕೈತೊಳೆಯುವ ಜಾಗಕ್ಕೆ ಹೋದರು. ಜೇಬಿನಿಂದ ಗೆರೆಗಳಿದ್ದ ಒಂದು ಪ್ಲಾಸ್ಟಿಕ್ ಚೀಲ ತೆಗೆದು ನಲ್ಲಿಯ ಮೂತಿಗೆ ಹಿಡಿದು, ಇನ್ನೊಂದು ಕೈಯಲ್ಲಿ ಗಡಿಯಾರ ಒತ್ತಿದರು. ನೀರು ಬಿರುಸಾಗಿ ಬಂತು. ಬಾಗಿಲ ಬಳಿ ನಿಂತಿದ್ದ ಮಾವನಿಗೆ ಹೆಮ್ಮೆಯಾಯಿತು.

"ನಿಮಿಷಕ್ಕೆ ಏಳೂವರೆ ಲೀಟರು" ಎಂದರು ಪರೀಕ್ಷಕರು. "ನಿಮ್ಮ ಪತ್ರದಲ್ಲಿ ಎರಡು ಅಂತ ಇದೆ."

ಪರೀಕ್ಷಕರು ಪಕ್ಕದ ನಲ್ಲಿ ನೋಡಿದರು, ಏಳೂವರೆ. ಕೆಳಗಿನ ಮಹಡಿಯಲ್ಲಿ ಎಂಟು. ಕ್ಯಾಂಟೀನಿನಲ್ಲಿ ನಾಲ್ಕು ಇರಬೇಕಾದ ಕಡೆ ಒಂಬತ್ತು.

"ಇದು ಕಡ್ಡಾಯದ ಪಟ್ಟಿಯದು. ಗೊತ್ತಲ್ಲ?" ಎಂದರು ಪರೀಕ್ಷಕರು.

"ಗೊತ್ತು ಸರ್."

"ನಾನು ಗುರುವಾರ ಮಧ್ಯಾಹ್ನದವರೆಗೆ ಇದೇ ಊರಲ್ಲಿ ಇರ್ತೀನಿ. ಅಷ್ಟರಲ್ಲಿ ಸರಿಯಾದ್ರೆ ಇನ್ನೊಂದು ಸಲ ಅಳೀತೀನಿ. ಇಲ್ಲದಿದ್ರೆ ಇದ್ದದ್ದನ್ನು ಇದ್ದ ಹಾಗೇ ಬರೀಬೇಕಾಗುತ್ತೆ."

ಹಾಗೆ ಬರೆದರೆ ಅರವತ್ತೊಂದು ಅಂಕಕ್ಕೆ ಬೆಲೆಯೇ ಇಲ್ಲ. ಹೊಸದಾಗಿ ಅರ್ಜಿ ಹಾಕಬೇಕು, ಗ್ರಂಥಾಲಯದ ಸಮಿತಿ ಅದಕ್ಕೆ ಒಪ್ಪುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಪರೀಕ್ಷಕರು ಹೋದ ಕೂಡಲೇ ಕಂಟ್ರಾಕ್ಟರು ಉಗ್ರಾಣಕ್ಕೆ ನುಗ್ಗಿದರು. ಉಗ್ರಾಣ ನೋಡಿಕೊಳ್ಳುತ್ತಿದ್ದವರು ಮೂವತ್ತರ ಆಸುಪಾಸಿನ ಒಬ್ಬ ಹೆಂಗಸು. ಬಂದ ಪ್ರತಿ ಮೊಳೆಗೂ ಚೀಟಿ ಇಡುವವರು.

"ಯಾವ ನಕಲಿ ಮಾಲು ಇಳಿಸ್ಕೊಂಡೆ ನೀನು? ನಲ್ಲಿ ಬದಲಾಯಿಸಿದವರು ಯಾರು?"

"ಸರ್, ಡಬ್ಬಿ ಮೇಲೆ ಮುದ್ರೆ ಇತ್ತು. ನಾನು ಒಂದೊಂದೇ ನೋಡಿ ತಗೊಂಡಿದ್ದೀನಿ. ಪತ್ರ ಇಲ್ಲೇ ಇದೆ ನೋಡಿ."

"ಪತ್ರ ತೋರಿಸಿ ಯಾರ ಕಣ್ಣಿಗೆ ಮಣ್ಣೆರಚ್ತೀಯಾ? ನೀರು ಹೇಳ್ತಾ ಇದೆಯಲ್ಲ!"

ಆ ಹೆಂಗಸು ಪತ್ರವನ್ನು ಮತ್ತೆ ಮುಂದೆ ಹಿಡಿದರು. ಪಾಯಿಂಟಮ್ಮ ಅದನ್ನು ತೆಗೆದುಕೊಂಡು ನೋಡಿದರು. ಪತ್ರದಲ್ಲಿ ನಲ್ಲಿಯ ಚಿತ್ರವಿತ್ತು. ಮೂತಿಯನ್ನು ಬಿಡಿಸಿ ತೋರಿಸಿದ್ದರು: ಮೂತಿ, ಅದರೊಳಗೆ ಒಂದು ಹಸಿರು ಬಿಲ್ಲೆ.

ಬಾಗಿಲ ಬಳಿಯಿದ್ದ ಮಾವ ಆ ಚಿತ್ರ ನೋಡಿದರು. ಯಾರೂ ಅವರ ಕಡೆ ನೋಡುತ್ತಿರಲಿಲ್ಲ. ಸುಮ್ಮನೆ ಮೆಟ್ಟಿಲಿಳಿದು ಹೋಗಿದ್ದರೆ ಆ ದಿನ ಯಾರೂ ಕೇಳುತ್ತಿರಲಿಲ್ಲ.

"ಅವರನ್ನು ಬಿಡಿ ಸರ್" ಎಂದರು ಮಾವ. "ಮಾಲು ಸರಿಯಾಗೇ ಇತ್ತು. ಅದನ್ನು ಕಿತ್ತಿದ್ದು ನಾನು."

"ಏನನ್ನು?"

"ಆ ಬಿಲ್ಲೇನ. ನಲವತ್ತಾರನ್ನೂ."

ಪಾಯಿಂಟಮ್ಮ ನಿಧಾನವಾಗಿ ಹೆಲ್ಮೆಟ್ಟು ತೆಗೆದು ಮೇಜಿನ ಮೇಲಿಟ್ಟರು.

"ಯಾಕೆ ಮೇಸ್ತ್ರಿ?"

"ನೀರು ಚೆನ್ನಾಗಿ ಬರ್ಲಿ ಅಂತ ಅಮ್ಮಾ. ಅದು ಪ್ಯಾಕಿಂಗು ಅಂದ್ಕೊಂಡಿದ್ದೆ."

"ಅದೇ ಮೇಸ್ತ್ರಿ ನೀರನ್ನು ತಡೆಯೋದು. ಅದಿದ್ರೆ ಎರಡು ಲೀಟರು, ಇಲ್ಲದಿದ್ರೆ ಏಳೂವರೆ. ನಮ್ಮ ಇಡೀ ನೀರಿನ ಲೆಕ್ಕ ಆ ಬಿಲ್ಲೆ ಮೇಲೆ ನಿಂತಿತ್ತು."

"ಅಂಗಡಿಯಿಂದ ಬೇರೆ ತಂದು ಹಾಕ್ಲಾ? ನನ್ನ ಕೈಯಿಂದಾನೇ ತರ್ತೀನಿ."

"ಈ ಮೂತಿಗೆ ಬೇರೆಯದು ಕೂರಲ್ಲ. ಕಂಪನಿಗೆ ಬರೆದ್ರೆ ಮೂರು ವಾರ. ಪತ್ರದಲ್ಲಿರೋ ನಂಬರು ಬಿಲ್ಲೆ ಮೇಲೂ ಇರಬೇಕು, ಅವರು ಬಿಚ್ಚಿ ನೋಡ್ತಾರೆ." ಆಮೇಲೆ ಪಾಯಿಂಟಮ್ಮ ಕೇಳಿದರು, "ಎಸೆದುಬಿಟ್ರಾ?"

"ಇಲ್ಲ. ನಮ್ಮಮ್ಮ ದಿಂಬಿಗೆ ಹಾಕಿದ್ದಾಳೆ."

ಉಗ್ರಾಣದ ಹೆಂಗಸಿಗೆ ಆ ಹೊತ್ತಿನಲ್ಲೂ ನಗು ಬಂತಂತೆ.

ಮಧ್ಯಾಹ್ನ ಎರಡು ಗಂಟೆಗೆ ಮಾವ ಮನೆಗೆ ಬಂದರು. ಬಂದವರೇ ಅಜ್ಜಿಯ ಕತ್ತರಿ ಕೇಳಿದರು. ವಿಷಯ ಕೇಳಿ ಅಜ್ಜಿ ತಮ್ಮ ತಲೆಯಡಿಯ ದಿಂಬನ್ನೇ ಮೊದಲು ಎಳೆದುಕೊಂಡು ಗುಂಡಿ ಬಿಚ್ಚತೊಡಗಿದರು. ಮನೆಯ ಮೂರು ಚೀಲಗಳಿಂದ ಹದಿನೈದು ಬಿಲ್ಲೆ ಬಂದವು, ಹತ್ತು ಹಸಿರು, ಐದು ನೀಲಿ. ಉಳಿದ ಆರು ಚೀಲ ಬೀದಿಯಲ್ಲಿದ್ದವು. ಎರಡು ಬೇಕರಿಯವರ ಮನೆಯಲ್ಲಿ, ಮೂರು ನರ್ಸಕ್ಕನ ಮನೆಯಲ್ಲಿ, ಒಂದು ನಿವೃತ್ತ ಮೇಷ್ಟ್ರ ಮನೆಯಲ್ಲಿ.

ಬೇಕರಿಯವರು ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ, "ಕೊಟ್ಟ ದಿಂಬಿನ ಗುಂಡಿ ವಾಪಸ್ ಕೇಳೋ ಮನುಷ್ಯನನ್ನು ಇದೇ ಮೊದಲು ನೋಡ್ತಾ ಇರೋದು" ಎಂದರು. "ನಾಳೆ ಹತ್ತಿನೂ ವಾಪಸ್ ಕೇಳ್ತೀಯೇನಪ್ಪಾ?"

"ಹತ್ತಿ ಇಟ್ಕೊಳ್ಳಿ ಅಣ್ಣ. ಗುಂಡಿ ಮಾತ್ರ ಕೊಡಿ. ಗ್ರಂಥಾಲಯ ನಿಂತಿರೋದೇ ಅದರ ಮೇಲೆ."

"ಸಿಮೆಂಟು ಕಡಿಮೆ ಹಾಕಿದ್ರಾ?"

ನಗುತ್ತಲೇ ಒಳಗೆ ಹೋಗಿ ಎರಡೂ ದಿಂಬು ತಂದುಕೊಟ್ಟರು. ನರ್ಸಕ್ಕ ಏನೂ ತಮಾಷೆ ಮಾಡಲಿಲ್ಲ. ಮೂರು ಚೀಲದ ಗುಂಡಿಗಳನ್ನೂ ಆಸ್ಪತ್ರೆಯ ಕತ್ತರಿಯಿಂದ ದಾರವನ್ನಷ್ಟೇ ಕತ್ತರಿಸಿ ತೆಗೆದು, "ಹಾಗೇ ಹಾಕ್ಬೇಡಿ, ಬಿಸಿ ನೀರಲ್ಲಿ ಸೋಪು ಹಾಕಿ ನೆನೆಸಿ, ತೂತಿನಲ್ಲಿ ದಾರದ ಎಳೆ ಉಳಿದ್ರೆ ನೀರು ಕಟ್ಟುತ್ತೆ" ಎಂದು ಹೇಳಿ ಕಳಿಸಿದರು. ಅದು ಬಹಳ ಉಪಯೋಗಕ್ಕೆ ಬಂದ ಮಾತು.

ನಿವೃತ್ತ ಮೇಷ್ಟ್ರು ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮಲಗುತ್ತಾರೆ. ಆಗ ಬೀದಿಯಲ್ಲಿ ಯಾರೂ ಅವರ ಬಾಗಿಲು ತಟ್ಟುವುದಿಲ್ಲ. ಮಾವ ಮೂರೂಕಾಲಿಗೆ ಹೋಗಿ ಅವರ ಜಗುಲಿಯ ಮೇಲೆ ಕಾಲು ನೀಡಿ ಕೂತರು. ಕಿಟಕಿಯಿಂದ ನೋಡಿದರೆ ಮೇಷ್ಟ್ರ ಬೋಳು ತಲೆಯ ಕೆಳಗೆ ಐದು ಹಸಿರು ಬಿಲ್ಲೆ ಕಾಣುತ್ತಿದ್ದವು. ನಾಲ್ಕಕ್ಕೆ ಐದು ನಿಮಿಷವಿದ್ದಾಗ ಒಳಗಿನಿಂದಲೇ ಕೂಗು ಬಂತು.

"ಯಾರಯ್ಯ ಅದು, ಅರ್ಧ ಗಂಟೆಯಿಂದ ನನ್ನ ತಲೆ ಎಣಿಸ್ತಾ ಇರೋದು?"

"ನಾನು ಮೇಷ್ಟ್ರೇ, ಬಿರುಸು. ನಿಮ್ಮ ದಿಂಬಿನ ಗುಂಡಿ ಬೇಕಾಗಿತ್ತು."

"ನಿದ್ದೆಯಿಂದ ಎಬ್ಬಿಸಿ ಗುಂಡಿ ಕೇಳ್ತೀಯಾ?"

"ಎಬ್ಬಿಸ್ಲಿಲ್ಲ ಮೇಷ್ಟ್ರೇ, ಕಾಯ್ತಾ ಇದ್ದೆ."

ಕತೆಯೆಲ್ಲ ಕೇಳಿದ ಮೇಲೆ ಮೇಷ್ಟ್ರು, "ಗ್ರಂಥಾಲಯಕ್ಕಾದ್ರೆ ದಿಂಬನ್ನೇ ತಗೊಂಡು ಹೋಗು" ಎಂದರು.

ಸಂಜೆ ಐದೂವರೆಗೆ ಅಡುಗೆಮನೆಯ ನೆಲದ ಮೇಲೆ ಎಲ್ಲ ಬಿಲ್ಲೆಗಳನ್ನು ಹತ್ತು ಹತ್ತರ ಸಾಲು ಮಾಡಿ ಎಣಿಸಿದೆವು. ನಾಲ್ಕು ಸಾಲು ಹಸಿರು ಪೂರ್ತಿ. ನೀಲಿ ಮಾತ್ರ ಐದು.

"ಒಂಬತ್ತು ಚೀಲಕ್ಕೆ ಐದೈದು ಅಂದ್ರೆ ನಲವತ್ತೈದೇ. ಇನ್ನೊಂದು ಎಲ್ಲಮ್ಮಾ?"

ಅಜ್ಜಿ ಹಣೆಗೆ ಬೆರಳಿಟ್ಟು ಯೋಚಿಸಿದರು. ಎಲ್ಲಿಗೋ ಹಾಕಿದ ನೆನಪಿದೆ, ಎಲ್ಲಿಗೆಂದು ನೆನಪಿಲ್ಲ. ಹೊಲಿಗೆಯ ಪೆಟ್ಟಿಗೆ ಬೋರಲು ಹಾಕಿ ನೋಡಿದೆವು, ಮಂಚದ ಕೆಳಗೆ ಗುಡಿಸಿದೆವು. ಸಿಗಲಿಲ್ಲ.

ಬುಧವಾರ ಇಡೀ ದಿನ ಮಾವ ಗ್ರಂಥಾಲಯದಲ್ಲಿ ನಲವತ್ತೈದು ನಲ್ಲಿಯ ಮೂತಿ ಬಿಚ್ಚಿದರು. ತೊಳೆದ ಬಿಲ್ಲೆಯನ್ನು ಬೆಳಕಿಗೆ ಹಿಡಿದು, ಪ್ರತಿ ತೂತಿನಲ್ಲೂ ಸೂಜಿ ಆಡಿಸಿ, ನಂಬರು ಮೇಲೆ ಬರುವ ಹಾಗೆ ಕೂರಿಸಿದರು. ಉಗ್ರಾಣದ ಹೆಂಗಸು ಅವರ ಜೊತೆಗೆ ನಿಂತು ಒಂದೊಂದಕ್ಕೂ ಫೋಟೋ ತೆಗೆದು, ಮಹಡಿ, ನಲ್ಲಿಯ ಸಂಖ್ಯೆ ಬರೆದುಕೊಂಡರು. ಹಿಂದಿನ ದಿನದ ವಿಷಯ ಅವರು ಎತ್ತಲಿಲ್ಲ. ನಾಲ್ಕನೇ ಮಹಡಿಯಲ್ಲಿ ಮಾತ್ರ, "ನೀವು ನಿನ್ನೆ ಬಾಯಿ ಬಿಡದಿದ್ರೆ ನಾನು ಈ ಹೊತ್ತಿಗೆ ಮನೇಲಿರ್ತಿದ್ದೆ ಅಣ್ಣ" ಎಂದರು.

"ನಾಳೆ ಏನಾಗುತ್ತೋ ನೋಡೋಣ ತಾಯಿ. ಕೆಟ್ರೆ ನಾನಿರ್ತೀನಿ ಮನೇಲಿ" ಎಂದರು ಮಾವ.

ಪ್ರತಿ ನಲ್ಲಿ ಕೂರಿಸಿದ ಮೇಲೆ ಅವರು ಅಭ್ಯಾಸದಂತೆ ಅಂಗೈ ಒಡ್ಡುತ್ತಿದ್ದರು. ನೀರು ಹಗುರವಾಗಿ, ನೊರೆನೊರೆಯಾಗಿ ಬೀಳುತ್ತಿತ್ತು. ಪೆಟ್ಟಿಲ್ಲ. ಪ್ರತಿ ಸಲವೂ ಅವರಿಗೆ ಏನೋ ತಪ್ಪಿದೆ ಎನ್ನಿಸುತ್ತಿತ್ತು, ಪ್ರತಿ ಸಲವೂ ಇಲ್ಲ, ಇದೇ ಸರಿ ಎಂದುಕೊಳ್ಳಬೇಕಾಗುತ್ತಿತ್ತು. ಮಂಡಿ ಊದಿ ಪಟ್ಟಿ ಬಿಗಿಯಾಗಿತ್ತು.

ಕ್ಯಾಂಟೀನಿನ ಆರನೇ ನಲ್ಲಿ ಖಾಲಿ ಉಳಿಯಿತು. ಗುರುವಾರ ಬೆಳಿಗ್ಗೆ ಮಾವ ಪಾಯಿಂಟಮ್ಮನಿಗೆ ಅದನ್ನು ಹೇಳಿದರು. ಕಂಟ್ರಾಕ್ಟರು ಥಟ್ಟನೆ, "ಅದರ ಕೆಳಗಿನ ವಾಲ್ವು ತಿರುಗಿಸಿಬಿಡು. ನೀರೇ ಬರದಿದ್ರೆ ಏನು ಅಳೀತಾರೆ? ಕೆಟ್ಟಿದೆ ಅಂದ್ರಾಯ್ತು" ಎಂದರು.

ಮಾವ ಪಾಯಿಂಟಮ್ಮನ ಮುಖ ನೋಡಿದರು. ಅವರು ಫೈಲು ಮುಚ್ಚಿ, "ನನ್ನ ಕೇಳ್ಬೇಡಿ ಮೇಸ್ತ್ರಿ. ನಾನು ಸುಳ್ಳಿಗೆ ಸಹಿ ಹಾಕಲ್ಲ, ಅಷ್ಟೇ" ಎಂದರು.

"ನಾನೂ ಹಾಕಲ್ಲ ಬಿಡಿ. ಒಂದು ಸಲ ಮುಚ್ಚಿದ್ದನ್ನು ತೆಗೆದು ಪಾಡು ಪಟ್ಟಿದ್ದು ಸಾಕು, ಈಗ ತೆರೆದಿರೋದನ್ನು ಮುಚ್ಚೋಕೆ ಹೋಗಲ್ಲ."

ಹತ್ತು ಗಂಟೆಗೆ ಪರೀಕ್ಷಕರು ಬಂದರು. ಬೆಳಿಗ್ಗೆ ಚಳಿ ಇತ್ತು, ಮಾವ ತಮ್ಮ ಹಳೆಯ ಕಡುನೀಲಿ ಕೋಟು ಹಾಕಿಕೊಂಡಿದ್ದರು. ಮೂರನೇ ಮಹಡಿಯಿಂದಲೇ ಶುರುವಾಯಿತು. ಚೀಲ ಹಿಡಿದರು, ಗಡಿಯಾರ ಒತ್ತಿದರು.

"ಎರಡು" ಎಂದರು.

ಪಕ್ಕದ್ದು ಎರಡು. ಕೆಳಗಿನ ಮಹಡಿಯಲ್ಲಿ ಒಂದು ಪಾಯಿಂಟ್ ಒಂಬತ್ತು. ಒಂದು ಮೂತಿ ಬಿಚ್ಚಿಸಿ ಬಿಲ್ಲೆಯ ನಂಬರನ್ನು ಪತ್ರದೊಂದಿಗೆ ಹೋಲಿಸಿದರು, ಸರಿಹೋಯಿತು. ಕ್ಯಾಂಟೀನಿಗೆ ಬರುವ ಹೊತ್ತಿಗೆ ಪಾಯಿಂಟಮ್ಮನ ಉಸಿರು ಸರಾಗವಾಗಿತ್ತು. ಮಾವನದು ಆಗಿರಲಿಲ್ಲ. ಪರೀಕ್ಷಕರು ಚೀಲ ಎತ್ತುವ ಮೊದಲೇ ಅವರು ಮುಂದೆ ಹೋದರು.

"ಸರ್, ಐದು ಸರಿ ಇದೆ. ಆ ಕೊನೆಯದರಲ್ಲಿ ಬಿಲ್ಲೆ ಇಲ್ಲ. ಎಷ್ಟು ಹುಡುಕಿದ್ರೂ ಸಿಗಲಿಲ್ಲ. ಅಳೆದ್ರೆ ಒಂಬತ್ತು ಬರುತ್ತೆ."

ಪರೀಕ್ಷಕರು ಕನ್ನಡಕದ ಮೇಲಿನಿಂದ ಅವರನ್ನು ನೋಡಿದರು. ಮುಖ ನೋಡಿದರು, ಆಮೇಲೆ ಎದೆ, ಆಮೇಲೆ ಹೊಟ್ಟೆ. ಅಲ್ಲೇ ಕಣ್ಣು ನಿಂತಿತು.

"ಮೇಸ್ತ್ರಿ, ನಿಮ್ಮ ಕೋಟಿನಿಂದ ನಿಮಿಷಕ್ಕೆ ಎಷ್ಟು ಲೀಟರು ಬರುತ್ತೆ?"

ಮಾವ ತಲೆ ಬಗ್ಗಿಸಿ ನೋಡಿಕೊಂಡರು. ಕೋಟಿನ ಕೊನೆಯ ಗುಂಡಿ ಉಳಿದವಕ್ಕಿಂತ ತುಸು ದೊಡ್ಡದು. ಬಣ್ಣ ನೀಲಿ. ಮಧ್ಯೆ ಸಣ್ಣ ಸಣ್ಣ ತೂತು.

"ಅಯ್ಯೋ ನಮ್ಮಮ್ಮಾ!" ಎಂದರು ಮಾವ.

ಮೊದಲು ನಕ್ಕವರು ಉಗ್ರಾಣದ ಹೆಂಗಸು. ಆಮೇಲೆ ಪಾಯಿಂಟಮ್ಮ ಗೋಡೆಗೆ ಒರಗಿ ನಕ್ಕರು, ಕಣ್ಣೊರೆಸಿಕೊಂಡು ಮತ್ತೆ ನಕ್ಕರು. ಕಂಟ್ರಾಕ್ಟರು ನಗಬೇಕೋ ಬೇಡವೋ ಎಂದು ಪರೀಕ್ಷಕರ ಮುಖ ನೋಡಿದರು. ಪರೀಕ್ಷಕರ ಮುಖದಲ್ಲಿ ನಗುವಿರಲಿಲ್ಲ, ಆದರೆ ಅವರು ತಮ್ಮ ಜೇಬಿನಿಂದ ಸಣ್ಣ ಕತ್ತರಿಯೊಂದನ್ನು ತೆಗೆದು ಮಾವನ ಮುಂದೆ ಹಿಡಿದಿದ್ದರು.

"ಹತ್ತು ನಿಮಿಷ ಕಾಯ್ತೀನಿ" ಎಂದರು.

ಅಜ್ಜಿಯ ಹೊಲಿಗೆ ಗಟ್ಟಿ. ದಾರ ಕತ್ತರಿಸಲೇ ಮೂರು ನಿಮಿಷ ಹಿಡಿಯಿತು. ಕ್ಯಾಂಟೀನಿನ ಬಿಸಿನೀರಿನಲ್ಲಿ ತೊಳೆದು, ಸೂಜಿ ಆಡಿಸಿ, ಮೂತಿ ಮುಚ್ಚಿದರು. ಪರೀಕ್ಷಕರು ಗಡಿಯಾರ ಒತ್ತಿದರು. ಮಾವ ಕಣ್ಣು ಮುಚ್ಚಿಕೊಂಡರು.

"ನಾಲ್ಕು. ಸರಿಯಾಗಿದೆ."

ಮಾವ ಅಲ್ಲಿದ್ದ ಬೆಂಚಿನ ಮೇಲೆ ಹಾಗೇ ಕೂತುಬಿಟ್ಟರು. ಎಡಗಾಲನ್ನು ಮುಂದೆ ಚಾಚಿ, ಎರಡೂ ಕೈ ಮಂಡಿಯ ಮೇಲಿಟ್ಟರು. ಮಂಗಳವಾರ ಹನ್ನೊಂದು ಗಂಟೆಯಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಆಗ ಇಳಿಯಿತು ಎಂದರು. ಗಂಟೆಯನ್ನು ಅವರು ಹಾಗೆಯೇ ಹೇಳಿದ್ದು, ನಾನು ಸೇರಿಸಿದ್ದಲ್ಲ.

ಕಾಗದಪತ್ರಗಳೆಲ್ಲ ಪರಿಶೀಲಕರ ಬಳಿ ಹೋಗಿ ಉತ್ತರ ಬರಲು ಏಳು ವಾರವಾಯಿತು. ಎರಡು ಅಂಕಕ್ಕೆ ಸಾಕ್ಷಿ ಸಾಲದು ಎಂದು ಹಿಂದಕ್ಕೆ ಬಂತು. ಪಾಯಿಂಟಮ್ಮ ತೂಕದ ಚೀಟಿಗಳನ್ನು ಮತ್ತೆ ಜೋಡಿಸಿ ಕಳಿಸಿ ಒಂದನ್ನು ಉಳಿಸಿಕೊಂಡರು. ಕೊನೆಗೆ ಅರವತ್ತು ನಿಂತಿತು. ಚಿನ್ನಕ್ಕೆ ಬೇಕಾದದ್ದು ಅಷ್ಟೇ, ಒಂದೂ ಹೆಚ್ಚಿಲ್ಲ. ಕಾರ್ಯದರ್ಶಿಗಳು ಮಾವನನ್ನು ಕರೆದು ನೇಮಕದ ಪತ್ರ ಕೊಡುವಾಗ, "ನಿಮ್ಮದೊಂದು ಪಾಯಿಂಟು ಇಲ್ಲದಿದ್ರೆ ಐವತ್ತೊಂಬತ್ತಕ್ಕೆ ನಿಲ್ತಿದ್ವಿ" ಎಂದರು. ಆ ಪಾಯಿಂಟಿನಿಂದಲೇ ನಲವತ್ತಾರು ನಲ್ಲಿ ಕೆಟ್ಟಿದ್ದವು ಎಂದು ಮಾವ ನೆನಪಿಸಲು ಹೋಗಲಿಲ್ಲ.

ಈಗ ಅವರಿಗೆ ನೆಲಮಾಳಿಗೆಯಲ್ಲಿ ಒಂದು ಮೇಜು, ಕೈಯಿರುವ ಕುರ್ಚಿ, ಗೋಡೆಗೆ ಆರು ಮೀಟರು. ದಿನಾ ಬೆಳಿಗ್ಗೆ ಒಂಬತ್ತಕ್ಕೂ ಸಂಜೆ ಐದಕ್ಕೂ ಅಂಕಿಗಳನ್ನು ಬರೆಯುತ್ತಾರೆ. ಮಂಡಿಯ ಊತ ಇಳಿದಿದೆ. ಅಜ್ಜಿ ಈಗಲೂ ಸಂಜೆ ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ, ಆದರೆ ಈಗ ನೋಡಿದ ಮೇಲೆ "ಹ್ಞೂಂ" ಎನ್ನುತ್ತಾರೆ. ಅವರ ಪೆಟ್ಟಿಗೆಗೆ ಮಾವ ಹೊಸ ಗುಂಡಿಗಳನ್ನು ತಂದುಕೊಟ್ಟರು, ಒಂಬತ್ತು ದಿಂಬಿನ ಚೀಲಕ್ಕೂ ಅವನ್ನು ಹೊಲಿದದ್ದಾಯಿತು. ಮಾವ ಏನನ್ನಾದರೂ ಮನೆಗೆ ತಂದರೆ ಅಜ್ಜಿ ಮೊದಲು ಕೇಳುವುದು, "ಇದು ಯಾವುದರ ಒಳಗಿಂದಪ್ಪಾ?"

ಗ್ರಂಥಾಲಯ ತೆರೆದ ಎರಡನೇ ವಾರ ನಿವೃತ್ತ ಮೇಷ್ಟ್ರು ನೆಲಮಾಳಿಗೆಗೆ ಇಳಿದು ಬಂದರು.

"ಏನಯ್ಯಾ ಬಿರುಸು, ಮೇಲೆ ನಲ್ಲೀಲಿ ನೀರು ದಾರದ ಹಾಗೆ ಬರ್ತಾ ಇದೆ! ನೀನಿದ್ದೂ ಹೀಗಾ?"

ಮಾವ ಪುಸ್ತಕ ಮುಚ್ಚಿ, ಅವರ ಜೊತೆ ನಿಧಾನವಾಗಿ ಮೆಟ್ಟಿಲು ಹತ್ತಿದರು. ನಲ್ಲಿ ತಿರುಗಿಸಿ ಮೇಷ್ಟ್ರ ಕೈಗೆ ಸೋಪು ಕೊಟ್ಟರು. ಮೇಷ್ಟ್ರು ತೊಳೆದರು. ನೊರೆಯೆಲ್ಲ ಹೋಯಿತು.

"ಹೋಯ್ತಾ ಮೇಷ್ಟ್ರೇ?"

"ಹೋಯ್ತು."

"ಮತ್ತೆ?" ಎಂದರು ಮಾವ. ನಲ್ಲಿ ನಿಲ್ಲಿಸಿ, ತಾವೂ ಒಮ್ಮೆ ಅಂಗೈ ಒಡ್ಡಿ, ಕೊನೆಯ ಹನಿ ಬೀಳುವವರೆಗೆ ಕಾದು, ಕೆಳಗಿಳಿದು ಹೋಗಿ ಕುರ್ಚಿಯಲ್ಲಿ ಕೂತರು.